ಗಾಣಿಗೇರ ಓಣಿಯಲ್ಲಿ ಜನರಿಲ್ಲ

ಕೂಸಿನ ಮೈಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಆಗಿತ್ತು. ಅಷ್ಟರಲ್ಲಿ ಗುಬ್ಬಿ ಕೂಗಿತು, ನಳ ನಿಂತಿತು.

ಅವ್ವ ಬಚ್ಚಲಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ಅವಳ ಕಾಲಮೇಲೆ ನನ್ನ ತಂಗಿ ಐಶ್ವರ್ಯಾಳ ಕೂಸು, ಹುಟ್ಟಿ ಎರಡೇ ದಿನವಾಗಿತ್ತು. ಹಂಡೆಯಲ್ಲಿ ಕುದಿಯುವ ನೀರಿತ್ತು, ಬೆರೆಸಲು ತಣ್ಣೀರಿರಲಿಲ್ಲ. ಹಿಟ್ಟು ಕಣ್ಣಿಗೆ ಇಳಿದು ಕೂಸು ಕಿರುಚತೊಡಗಿತು.

“ಸಹನಾ, ಎಲ್ಲಿ ಹೋಗಿ ಸತ್ತಿ? ಕುಡಿಯೂ ನೀರಿನ ಕೊಡಾ ತಗೊಂಡ ಬಾ, ಲಗೂ!”

ಅಡುಗೆಮನೆಯ ಕೊಡ ಹೊತ್ತು ಓಡಿದೆ. ಕುಡಿಯುವ ನೀರಿನಲ್ಲೇ ಕೂಸಿನ ಮೈ ತೊಳೆದೆವು, ಕೊಡ ಬರಿದಾಯಿತು. ಅವ್ವ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಮೊದಲು ನಳವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ನೀ ಆ ಆಫೀಸಿನ್ಯಾಗ ಕುಂತು ಏನ ಮಾಡ್ತೀಯವಾ? ಮನ್ಯಾಗ ಹಸಿ ಬಾಣಂತಿ ಅದಾಳ. ಮುಂಜಾನಿ ಚಾ ಕುಡಿಯೂದ್ರಾಗ ನೀರ ಮುಗೀತು ಅಂದ್ರ ಏನರ್ಥ?”

ನನ್ನ ಹೆಸರು ಸಹನಾ. ಹೆಸರಿಟ್ಟವರ ಅಂದಾಜು ಎಷ್ಟು ತಪ್ಪಿತ್ತು ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ. ಬೆಣ್ಣಿಕೊಪ್ಪ ಮಹಾನಗರದ ನೀರು ಮಂಡಳಿಯಲ್ಲಿ ನಾನು ಇಂಜಿನಿಯರ್. ಕೊಳವೆಗಳಲ್ಲಿ ಒತ್ತಡ ಸರಿ ಇದೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನಿಯಂತ್ರಣ ಕೊಠಡಿಯಲ್ಲಿ ಕೂತು ನೋಡುವುದು ನನ್ನ ಕೆಲಸ. ನೀರಿನ ಪಾಲು ನಿಗದಿ ಮಾಡುವುದು ನನ್ನ ಕೆಲಸವಲ್ಲ. ಅದು ಯಾವ ಮನುಷ್ಯನ ಕೆಲಸವೂ ಅಲ್ಲ, ಅದೇ ಈಗಿನ ರೋಗ.

ಗುಬ್ಬಿ ಎಂದರೆ ಪ್ರತಿ ಮನೆಯ ನಳದ ಬುಡಕ್ಕೆ ಮಂಡಳಿ ಕೂರಿಸಿರುವ ಮುಷ್ಟಿಯಷ್ಟು ದೊಡ್ಡ ಯಂತ್ರ. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿದೆ, ಯಾರೂ ಹಾಗೆ ಕರೆಯುವುದಿಲ್ಲ. ಹರಿದ ನೀರನ್ನು ಅದು ಅಳೆಯುತ್ತದೆ. ಮನೆಯ ಆ ದಿನದ ಪಾಲು ಮುಗಿದಾಗ ಚಿಂವ್ ಚಿಂವ್ ಎಂದು ಕೂಗಿ ನಳ ಮುಚ್ಚುತ್ತದೆ. ಅಳತೆಯೆಲ್ಲ ಮಂಡಳಿಯ ಗಣಕಕ್ಕೆ ಹೋಗುತ್ತದೆ. ಆ ಗಣಕದ ಹೆಸರು ಮುನ್ನೋಟ. ಯಾವ ಓಣಿಯಲ್ಲಿ ಮುಂದಿನ ಮೂವತ್ತು ವರ್ಷ ಎಷ್ಟು ಜನ ಇರುತ್ತಾರೆ, ಎಷ್ಟು ನೀರು ಬೇಕು, ಹೊಸ ಕೊಳವೆ ಎಲ್ಲಿ ಹಾಕಬೇಕು, ಹಳೆಯದನ್ನು ಎಲ್ಲಿ ಕೀಳಬೇಕು, ಎಲ್ಲವನ್ನೂ ಅದು ಹೇಳುತ್ತದೆ. ಹೇಳಿದ್ದನ್ನು ನಾವು ಮಾಡುತ್ತೇವೆ.

ಸುಳ್ಳು ಹೇಳಬಾರದು. ಗುಬ್ಬಿ ಬರುವ ಮುಂಚೆ ನಮ್ಮಲ್ಲಿ ವಾರಕ್ಕೊಮ್ಮೆ ನಳ ಬರುತ್ತಿತ್ತು. ನಳ ಬಂದ ದಿನ ಊರಿನ ಹೆಂಗಸರೆಲ್ಲ ಬ್ಯಾರಲ್ಲಿನ ಹಳೇ ನೀರನ್ನು ಗಟಾರಕ್ಕೆ ಸುರಿದು ಹೊಸ ನೀರು ತುಂಬುತ್ತಿದ್ದರು. ಗುಬ್ಬಿ ಬಂದಮೇಲೆ ದಿನವಿಡೀ ನೀರು ಸಿಕ್ಕಿತು, ಬ್ಯಾರಲ್‌ಗಳು ಗುಜರಿಗೆ ಹೋದವು. ಆದರೆ ಆ ತಿಂಗಳ ಒಂದನೇ ತಾರೀಕಿನಿಂದ ಹೊಸ ಪಾಲು ಜಾರಿಗೆ ಬಂದಿತ್ತು, ನಮ್ಮ ಓಣಿಯ ಪಾಲು ಅರ್ಧಕ್ಕಿಂತ ಕಡಿಮೆಯಾಗಿತ್ತು.

ಆಫೀಸಿಗೆ ಹೋದವಳೇ ನಿಯಂತ್ರಣ ಕೊಠಡಿಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಯೋಜನಾ ವಿಭಾಗದ ನಕಾಶೆ ತೆರೆದೆ. ಬೆಳೆಯುವ ಪ್ರದೇಶಗಳಿಗೆ ಅಲ್ಲಿ ಹಸಿರು ಬಣ್ಣ, ಖಾಲಿಯಾಗುವ ಪ್ರದೇಶಗಳಿಗೆ ಬೂದು ಬಣ್ಣ. ಊರ ಹೊರಗಿನ ನಂದನ ಬಡಾವಣೆ ಗದ್ದೆಯಂತೆ ಹಸಿರಾಗಿತ್ತು. ಗಾಣಿಗೇರ ಓಣಿ ಬೂದು. ಅದರ ಮೇಲೆ ಬೆರಳಿಟ್ಟರೆ ಒಂದು ಸಾಲು ಬಂತು: ‘ಇಪ್ಪತ್ತೆರಡು ವರ್ಷಗಳಲ್ಲಿ ನಿರ್ಜನ. ಕೊಳವೆ ತೆರವು ಶಿಫಾರಸು.’

ಮುಖ್ಯ ಇಂಜಿನಿಯರ್ ವಿಶ್ವಜಿತ್ ಹೂಗಾರರ ಕೋಣೆಗೆ ನುಗ್ಗಿದೆ. ಮೈಸೂರು ಕಡೆಯಲ್ಲಿ ಓದಿ ಬೆಳೆದು ಬಂದವರು, ಯಾರ ಮೇಲೂ ದನಿ ಎತ್ತಿದವರಲ್ಲ. ಅಂಥವರ ಜೊತೆ ಜಗಳ ಮಾಡುವುದು ಕಷ್ಟ.

“ಸರ್, ಗಾಣಿಗೇರ ಓಣಿ ನಿರ್ಜನ ಆಗುತ್ತೆ ಅಂತ ಬಂದಿದೆ.”

“ಹೌದು, ಹಳೇ ಊರು ಖಾಲಿಯಾಗ್ತಿದೆ. ಸಹಜ ಅಲ್ವಾ?”

“ಸರ್, ನಾನು ಅಲ್ಲೇ ಇರೋದು.”

ಅವರು ನಕ್ಕರು. “ವೈಯಕ್ತಿಕವಾಗಿ ತಗೋಬೇಡಿ ಸಹನಾ. ಜನಗಣತಿ ಸುಳ್ಳು ಹೇಳುತ್ತೆ. ಒಂದೇ ಮನೇಲಿ ಇಲ್ಲದವರ ಹೆಸರು ಹತ್ತು ಬರೆಸ್ತಾರೆ. ನೀರು ಸುಳ್ಳು ಹೇಳಲ್ಲ. ಅದಕ್ಕೇ ನಾವು ಜನ ಎಣಿಸೋದನ್ನ ಬಿಟ್ಟು ನೀರು ಎಣಿಸ್ತೀವಿ.”

ಲೆಕ್ಕ ಬಿಡಿಸಿ ತೋರಿಸಿ ಎಂದೆ, ತೋರಿಸಿದರು. ನೋಡುತ್ತ ನೋಡುತ್ತ ನನಗೆ ಅಂಗಾಲಿನ ಕಿಚ್ಚು ನೆತ್ತಿಗೇರಿತು. ಒಬ್ಬ ಮನುಷ್ಯ ದಿನಕ್ಕೆ ನೂರಿಪ್ಪತ್ತು ಲೀಟರ್ ಬಳಸುತ್ತಾನೆ ಎಂದು ಯಾರೋ ಆ ಗಣಕಕ್ಕೆ ಕಲಿಸಿದ್ದರು. ನಮ್ಮ ಓಣಿಯಲ್ಲಿ ಅಷ್ಟು ನೀರಿನಲ್ಲಿ ಮೂವರು ಬದುಕುತ್ತಾರೆ. ಅಕ್ಕಿ ತೊಳೆದ ನೀರು ಎಮ್ಮೆಗೆ ಹೋಗುತ್ತದೆ, ಜಳಕದ ನೀರಿನಲ್ಲಿ ಅರಿವೆ ನೆನೆಯುತ್ತವೆ, ಅರಿವೆ ಹಿಂಡಿದ ನೀರು ಅಂಗಳಕ್ಕೆ ಬೀಳುತ್ತದೆ. ಆದ್ದರಿಂದ ಮುನ್ನೋಟದ ಲೆಕ್ಕದಲ್ಲಿ ನಮ್ಮ ಮೂವರಲ್ಲಿ ಇಬ್ಬರು ಇಲ್ಲವೇ ಇಲ್ಲ. ಮೇಲಾಗಿ, ವರ್ಷದಿಂದ ವರ್ಷಕ್ಕೆ ನಾವು ಇನ್ನಷ್ಟು ಉಳಿಸಲು ಕಲಿತಿದ್ದೆವು. ಹಾಗೆ ಇಳಿಯುವ ಗೆರೆಯನ್ನು ಗಣಕ ಮುಂದಕ್ಕೆ ಎಳೆದಿತ್ತು, ಇಪ್ಪತ್ತೆರಡು ವರ್ಷಕ್ಕೆ ಗೆರೆ ನೆಲ ಮುಟ್ಟಿತ್ತು. ಜನ ನೀರು ಉಳಿಸುವುದಕ್ಕೂ ಜನ ಸಾಯುವುದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿರಲಿಲ್ಲ.

ನಂದನ ಬಡಾವಣೆಯಲ್ಲಿ ಗಂಡ ಹೆಂಡತಿ ಒಂದು ನಾಯಿ ಇರುವ ಬಂಗಲೆಗೂ ಈಜುಕೊಳ ಇದೆ. ಹುಲ್ಲಿಗೆ ಎರಡು ಹೊತ್ತು ನೀರು. ಮುನ್ನೋಟದ ಪ್ರಕಾರ ಅಲ್ಲಿ ಮನೆಗೆ ಹದಿನಾರು ಜನರ ಅವಿಭಕ್ತ ಕುಟುಂಬಗಳು ಸುಖವಾಗಿ ಬಾಳುತ್ತಿವೆ, ಇನ್ನೂ ಹೆಚ್ಚಲಿವೆ.

“ಸರ್, ನಮ್ಮ ಓಣಿಗೆ ನೀರು ಉಳಿಸಿದ್ದಕ್ಕೆ ಮಂಡಳಿಯೇ ಮೂರು ಸಲ ಬಹುಮಾನದ ಢಾಲು ಕೊಟ್ಟಿದೆ. ನೀವೇ ಬಂದು ಕೊಟ್ಟಿರಿ, ಶಾಲು ಹೊದಿಸಿಕೊಂಡಿರಿ.”

“ಅದು ಪ್ರಚಾರ ವಿಭಾಗ ಸಹನಾ. ಇದು ಯೋಜನಾ ವಿಭಾಗ.” ಮತ್ತೆ ಲೆಕ್ಕದ ಕಡೆ ಬೆರಳು ತೋರಿಸಿ, “ಚಳಿಗಾಲದಲ್ಲಿ ಅಳತೆ ವಾರ ಇತ್ತಲ್ಲ, ಅದರಲ್ಲಿ ನಿಮ್ಮ ಓಣಿ ಬಳಕೆ ಹೆಚ್ಚುಕಡಿಮೆ ಸೊನ್ನೆ. ಅದನ್ನ ನೋಡಿದ್ಮೇಲೆ ಯಾರಾದ್ರೂ ಏನು ತಿಳ್ಕೋಬೇಕು?” ಎಂದರು.

ನನಗೆ ಆಗ ನೆನಪಾಯಿತು, ನೆನಪಾಗಿ ಹಣೆ ಹಣೆ ಬಡಿದುಕೊಳ್ಳಬೇಕು ಅನಿಸಿತು. ಆ ಅಳತೆ ವಾರವನ್ನು ಮಂಡಳಿಯವರು ಹಲಗೆ ಬಾರಿಸಿ ಸಾರಿದ್ದರು. ಯಾತಕ್ಕೆ ಅಳತೆ ಎಂದು ಸಾರಿರಲಿಲ್ಲ. ಯೋಜನಾ ವಿಭಾಗದವರು ನಮಗೂ ತಿಳಿಸಿರಲಿಲ್ಲ. ನಮ್ಮ ಓಣಿಯವರು ಇದೂ ಒಂದು ಸ್ಪರ್ಧೆ ಎಂದುಕೊಂಡರು, ನಾಲ್ಕನೇ ಢಾಲಿಗೆ ಆಸೆಪಟ್ಟರು. ಇಡೀ ವಾರ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಕೆಳಗಿನ ಕುಂಬಾರ ಓಣಿಗೆ ಹೋಗಿ, ಬೀಗರ ಮನೆ ಗೆಳತಿಯರ ಮನೆ ಎನ್ನದೆ ಅಲ್ಲೇ ಜಳಕ ಮಾಡಿಕೊಂಡು, ಅಲ್ಲೇ ಅರಿವೆ ಒಗೆದುಕೊಂಡು ಬಂದರು. ಗರಡಿಮನೆಯ ಪೈಲ್ವಾನರು ಏಳು ದಿನ ಮೈಗೆ ಮಣ್ಣು ಹಚ್ಚಿಕೊಂಡೇ ತಿರುಗಿದರು. ಮರ್ಯಾದೆಗಾಗಿ ಇಷ್ಟು ಹುಚ್ಚಾಗುವ ಜನ ಬೇರೆಲ್ಲೂ ಇರಲಿಕ್ಕಿಲ್ಲ. ಆ ಹುಚ್ಚನ್ನು ಹೊಗಳಿ ಬೆಳೆಸಿದ್ದು ಇದೇ ಮಂಡಳಿ, ಈಗ ಅದನ್ನೇ ಸಾವಿನ ಸಾಕ್ಷಿ ಮಾಡಿಕೊಂಡದ್ದೂ ಇದೇ ಮಂಡಳಿ.

“ಒಂದು ದಾರಿ ಇದೆ,” ಎಂದರು ಹೂಗಾರ. “ಮರುಅಳತೆಗೆ ಅರ್ಜಿ ಹಾಕಿ. ಒಂದು ವಾರ ಗುಬ್ಬಿ ಮುಚ್ಚಲ್ಲ, ನಿಮ್ಮ ನಿಜವಾದ ಬೇಡಿಕೆ ದಾಖಲಾಗುತ್ತೆ. ವಾರದ ಕೊನೇ ದಿನ ಸಂಜೆ ಐದಕ್ಕೆ ಯೋಜನೆಗೆ ಬೀಗ ಬೀಳುತ್ತೆ, ಆಮೇಲೆ ಮೂವತ್ತು ವರ್ಷ ಬದಲಾಯಿಸೋಕಾಗಲ್ಲ. ನಿಮ್ಮವರಿಗೆ ಸ್ವಲ್ಪ ಧಾರಾಳವಾಗಿ ಬಳಸೋಕೆ ಹೇಳಿ. ನಾನು ಹೇಳಿದೆ ಅನ್ಬೇಡಿ.”

ಅರ್ಜಿ ಹಾಕಿ, ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಐಶ್ವರ್ಯಾಳ ತಲೆಗೆ ಬಟ್ಟೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಅಂದ್ರ ನಾವು ಸತ್ತೇವಿ ಅಂತ ಬರದಾರೇನು?”

“ಸತ್ತಿಲ್ಲ ಅವ್ವಾ, ಇಲ್ಲ ಅಂತ ಬರದೈತಿ.”

“ಎರಡರಾಗ ಯಾವದು ಚಲೋ?”

ಸಂಜೆ ಗರಡಿಮನೆಯಲ್ಲಿ ಓಣಿಯವರನ್ನು ಸೇರಿಸಿದೆ. ನಕಾಶೆ, ಗೆರೆ, ಮರುಅಳತೆ ಎಲ್ಲ ಹೇಳಿದೆ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು, ಜಲಾಶಯದ ತಳದ ಬಂಡೆಗಳು ಕಾಣುತ್ತಿದ್ದವು. ಅಂಥ ಹೊತ್ತಿನಲ್ಲಿ ನೀರು ಚೆಲ್ಲಿ ಎಂದು ನಾನು, ನೀರು ಮಂಡಳಿಯ ಇಂಜಿನಿಯರ್, ಕೈಮುಗಿದು ಕೇಳುತ್ತಿದ್ದೆ. ನನಗೇ ನನ್ನ ಮೇಲೆ ಹೇಸಿಗೆಯಾಯಿತು.

ಮೊದಲು ಎದ್ದವರು ಪಕ್ಕದ ಮನೆಯ ಶಾಹಿದಕ್ಕ. ಓಣಿಗೆಲ್ಲ ಒಂದು ನೀರಿಗೆ ನಾಲ್ಕು ಕೆಲಸ ಮಾಡುವುದನ್ನು ಕಲಿಸಿದವರು ಅವರು ಮತ್ತು ನಮ್ಮವ್ವ.

“ನೋಡವಾ ಸಹನಾ, ಒಂದ ಮಾತ ಹೇಳ್ತೀನಿ. ನೀರ ಚೆಲ್ಲೂದು ಪಾಪ ಅಂತ ನಾ ನನ್ನ ಮಕ್ಕಳಿಗೆ ಬಡದು ಕಲಿಸೇನಿ. ಈಗ ಅವರ ಮುಂದ ನಳ ಬಿಟ್ಟು ಕುಂಡ್ರಲೇನು? ಅದಕಿಂತ ನಿಮ್ಮ ಗಣಕನ ತಂದು ನನ್ನ ಮುಂದ ಇಡು, ಬಡದು ಅದಕ್ಕ ಕಲಸ್ತೀನಿ.”

ಜನ ನಕ್ಕರು. ಅವ್ವ ನಗಲಿಲ್ಲ.

“ಚೆಲ್ಲೂದು ಬ್ಯಾಡ,” ಎಂದಳು. “ಬಳಸೂಣು. ಎಷ್ಟ ವರ್ಷದ ಕೊಳಿ ಐತಿ ಮನ್ಯಾಗ? ಕೌದಿ ಒಗಿಯೂಣು, ಹಾಸಗಿ ಒಗಿಯೂಣು, ಗೋಡಿ ತೊಳಿಯೂಣು. ದಿನಾ ಎಲ್ಲಾರೂ ತಲಿಮ್ಯಾಲೆ ನೀರ ಹಾಕ್ಕೋರಿ. ಬಾಣಂತಿಗೆ ಹಂಡೆಗಟ್ಲೆ ಎರಿತೀನಿ. ನಂದನದವರಂಗ ಒಂದ ವಾರ ಬಾಳಿ ನೋಡೂಣು.”

ಹಾಗೆ ಶುರುವಾಯಿತು. ಓಣಿಯ ಪ್ರತಿ ಕಟ್ಟೆಯ ಮೇಲೂ ಕೌದಿಗಳು ಒಣಗಿದವು. ಅಜ್ಜಿಯರ ಕಾಲದ ಸೀರೆ ತುಂಡುಗಳ ಬಣ್ಣ ಮತ್ತೆ ಕಂಡಿತು. ಬಾಗಿಲು, ಕಿಟಕಿ, ಗರಡಿಮನೆಯ ಗದೆಗಳು, ಎಮ್ಮೆಗಳು, ಎಲ್ಲಕ್ಕೂ ನೀರು ಬಿತ್ತು. ಮುದುಕರು ಎರಡೆರಡು ಸಲ ಜಳಕ ಮಾಡಿ ನೆಗಡಿ ಹಚ್ಚಿಕೊಂಡರು. ಐಶ್ವರ್ಯಾ ಮಾತ್ರ ಸುಖಪಟ್ಟಳು. ಅವ್ವ ಅವಳಿಗೆ ಬಿಸಿಬಿಸಿ ನೀರು ಎರೆದು, ಅಗ್ಗಿಷ್ಟಿಕೆಯ ಕಾವು ಕೊಟ್ಟು ಮಲಗಿಸಿದರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ನಾನು ಪ್ರತಿದಿನ ಕೊಠಡಿಯಲ್ಲಿ ಕೂತು ನಕಾಶೆ ನೋಡುತ್ತಿದ್ದೆ. ಬೂದು ಬಣ್ಣ ಅಲುಗಲಿಲ್ಲ. ನಮ್ಮ ಜನರಿಗೆ ನೀರನ್ನು ಬಳಸಲು ಬರುವುದೇ ಇಲ್ಲ! ಕೌದಿ ಒಗೆದ ನೀರನ್ನು ಬಾಗಿಲಿಗೆ ಹಾಕಿದ್ದರು, ಬಾಗಿಲು ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದು ಎಮ್ಮೆಗೆ ಹಾಕಿದ್ದರು. ಹಾಳು ಚಟ, ಕೈ ಬಿಟ್ಟು ಹೋಗುವುದಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು. ಆಮೇಲೆ ಅಂಥವರ ಮೇಲೆ ಸಿಟ್ಟು ಬರುವಂತೆ ಮಾಡಿದ ಈ ಕೆಲಸದ ಮೇಲೆ ಸಿಟ್ಟು ಬಂತು. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ನಮ್ಮೂರಲ್ಲಿ ಉಪ್ಪು ತಿಂದವರು ಈಜುಕೊಳದಲ್ಲಿದ್ದರು.

ಕೊನೆಯ ದಿನ ಮಧ್ಯಾಹ್ನ ಕೊಠಡಿಯಿಂದ ಅವ್ವನಿಗೆ ಫೋನ್ ಮಾಡಿದೆ. “ಅವ್ವಾ, ಸಾಲವಲ್ದು. ಗಟಾರಕ್ಕ ಬಿಡಬೇಕು. ಎಲ್ಲಾರೂ. ಐದರ ತನಕ.”

ಅವಳು ಫೋನು ಹಿಡಿದೇ ಹೊರಗೆ ಬಂದಳು. ನಂತರ ಕಟ್ಟೆಯ ಮೇಲೆ ನಿಂತು ಓಣಿಗೆ ಕೇಳುವಂತೆ ಕೂಗಿದಳು. “ನಳಾ ಬಿಡ್ರಬೇ ಎಲ್ಲಾರೂ! ಪೂರಾ ಬಿಡ್ರಿ! ಪಾಪ ಬಂದ್ರ ನನಗ ಬರಲಿ!” ಆಮೇಲೆ ಫೋನಿನಲ್ಲಿ ನೀರು ಬೀಳುವ ಸದ್ದು ಕೇಳಿತು. ಆ ಸದ್ದಿನಲ್ಲೇ ಅವ್ವ ಅಳುತ್ತಿದ್ದಳು. ಅಪ್ಪ ತೀರಿಕೊಂಡಾಗ ಹೀಗೆ ಅತ್ತಿದ್ದಳು, ಮತ್ತೆ ಅತ್ತದ್ದು ಅವತ್ತೇ.

ನಾಲ್ಕರ ಹೊತ್ತಿಗೆ ಬೂದು ತಿಳಿಯಾಯಿತು. ಸ್ವಲ್ಪ ಹೊತ್ತಿಗೆ ಗಾಣಿಗೇರ ಓಣಿ ಹಸಿರಾಯಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ಹಿಂದೆ ನಿಂತು ನೋಡುತ್ತಿದ್ದ ಹೂಗಾರ, “ಅಭಿನಂದನೆಗಳು ಸಹನಾ, ನಿಮ್ಮ ಓಣಿಗೆ ಭವಿಷ್ಯ ಬಂತು,” ಎಂದರು.

ಅದೇ ಹೊತ್ತಿಗೆ ನಮ್ಮ ಓಣಿಯ ಕೆಳಗೆ ಇನ್ನೊಂದು ಚೌಕ ಬಣ್ಣ ಬದಲಿಸಿತು. ಕುಂಬಾರ ಓಣಿ ಬೂದಾಯಿತು.

“ಸರ್, ಇದೇನು?”

“ಒಟ್ಟು ನೀರು ಅಷ್ಟೇ ಅಲ್ವಾ? ಒಂದು ಕಡೆ ಏರಿದ್ರೆ ಇನ್ನೊಂದು ಕಡೆ ಇಳೀಲೇಬೇಕು. ಅದೇ ಕೊಳವೆ ಸಾಲಲ್ಲಿ ಯಾರು ಕಡಿಮೆ ಬಳಸ್ತಾರೋ ಅವರಿಂದ ಕಡಿತ.”

“ನಂದನದಿಂದ ಯಾಕೆ ಕಡಿತ ಇಲ್ಲ?”

“ಅವರ ಬೇಡಿಕೆ ಜಾಸ್ತಿ ಇದೆ,” ಎಂದರು. ಬಿಸಿಲು ಜಾಸ್ತಿ ಇದೆ ಎನ್ನುವ ಹಾಗೆ ಹೇಳಿದರು.

ನಂದನದ ಹುಲ್ಲುಹಾಸು ತೇವವಾಗಿರಲೆಂದು ನಮ್ಮನ್ನು ಕುಂಬಾರ ಓಣಿಯ ಕುತ್ತಿಗೆಗೆ ಗಂಟು ಹಾಕಿದ್ದರು. ಎಲ್ಲವೂ ನಿಯಮದ ಪ್ರಕಾರ, ಯಾರೂ ದನಿ ಎತ್ತದೆ. ಆ ಮನುಷ್ಯನ ಮುಖಕ್ಕೆ ಏನಾದರೂ ಎಸೆಯಬೇಕು ಅನಿಸಿತು, ಮೇಜಿನ ಮೇಲೆ ಎಸೆಯುವಂಥದ್ದು ಏನೂ ಇರಲಿಲ್ಲ.

ಅಷ್ಟರಲ್ಲಿ ಅವ್ವನ ಫೋನು ಬಂತು. “ಬಂತೇನು ಹಸರು?”

ಬಂತು ಎಂದು ಹೇಳಿ ಸುಮ್ಮನಾಗಬಹುದಿತ್ತು. ಮೂವತ್ತು ವರ್ಷ ನೀರು ಬರುತ್ತಿತ್ತು, ಆ ಕೂಸು ದೊಡ್ಡದಾಗಿ ತಾನೂ ಬಾಣಂತಿಯಾಗುವವರೆಗೆ. ಆದರೆ ಅವ್ವನಿಗೆ ಸುಳ್ಳು ಹೇಳಲು ನನಗೆ ಎಂದೂ ಬಂದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

“ಕುಂಬಾರ ಓಣಿನಾ?” ಎಂದಳು. “ಅಲ್ಲಬೇ, ಮೊನ್ನೆ ಚಳಿಗಾಲದಾಗ ಅವರ ಬಚ್ಚಲದಾಗ ಜಳಕಾ ಮಾಡಿ ಬಂದೇವಿ. ತಮ್ಮ ಪಾಲಿನ ನೀರ ಕಾಸಿ ಹಾಕ್ಯಾರ ನಮಗ, ಒಬ್ಬಾಕಿನೂ ಮಾರಿ ಸಣ್ಣ ಮಾಡಲಿಲ್ಲ.” ಅವಳ ಅಳು ನಿಂತುಹೋಗಿತ್ತು. ಫೋನು ಬದಿಗೆ ಹಿಡಿದು ಕೂಗಿದ್ದು ನನಗೂ ಕೇಳಿತು. “ಬಂದ್ ಮಾಡ್ರಿ ನಳಾ! ಶಾಹಿದಾ, ಬಂದ್ ಮಾಡಸು! ಒಂದ ಹನಿ ಬಿಡಬ್ಯಾಡ್ರಿ!”

“ಅವ್ವಾ, ಐದರ ತನಕ ಬಿಡದಿದ್ರ ನಮ್ಮದು ಮತ್ತ ಬೂದಿ ಆಗತೈತಿ.”

“ಆಗಲಿ. ಆ ನಿಮ್ಮ ಆಫೀಸಿನ ಬಾಗಲಾ ತಗದಿರ್ತೇತೇನು?”

“ಇಲ್ಲ. ನನ್ನ ಕಾರ್ಡ್ ಬೇಕು.”

“ಹಂಗಾರ ಕಾರ್ಡ್ ತಗೊಂಡ ಬಾಗಲ ಕಡೆ ಬಂದು ನಿಂದ್ರು.”

ಮಂಡಳಿಯ ಕಟ್ಟಡ ಹಳೇ ಊರಿನ ಅಂಚಿನಲ್ಲೇ ಇದೆ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಕೆಳಗೆ ಗದ್ದಲ ಕೇಳಿತು. ಕಾವಲುಗಾರ ಗೇಟಿನಲ್ಲಿ ಕೈ ಅಡ್ಡ ಹಿಡಿದಿದ್ದ. ಅವನ ಕೈ ಎಷ್ಟು ಉದ್ದ ಇದ್ದೀತು? ಗಾಣಿಗೇರ ಓಣಿ ಬಂದಿತ್ತು, ಅದರ ಹಿಂದೆ ಕುಂಬಾರ ಓಣಿಯೂ ಬಂದಿತ್ತು. ಪೈಲ್ವಾನರು, ಮುದುಕರು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದ ಹೆಂಗಸರು. ಎಲ್ಲರ ಮುಂದೆ ಅವ್ವ, ಅವಳ ತೋಳಿನಲ್ಲಿ ಕೂಸು, ಪಕ್ಕದಲ್ಲಿ ಶಾಹಿದಕ್ಕನ ಭುಜ ಹಿಡಿದು, ಕಿವಿಗೆ ಹತ್ತಿ ಇಟ್ಟುಕೊಂಡು ಐಶ್ವರ್ಯಾ. ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಡಾಕ್ಟರನ್ನೇ ಮನೆಗೆ ಕರೆಸಿದ ಹೆಂಗಸು ನಮ್ಮವ್ವ. ಅವಳೇ ಇವತ್ತು ಬಾಣಂತಿಯನ್ನೂ ಕೂಸನ್ನೂ ಬಿಸಿಲಿಗೆ ಎಳೆದು ತಂದಿದ್ದಳು. ಅವಳ ಸಿಟ್ಟು ಎಷ್ಟೆಂದು ನನಗೆ ಅಷ್ಟರಲ್ಲೇ ತಿಳಿಯಿತು.

ಕಾರ್ಡ್ ಒತ್ತಿದೆ. ಬಾಗಿಲು ತೆರೆಯಿತು. ನೌಕರಿ ಹೋಗುತ್ತದೆ ಎನ್ನುವುದು ಗೊತ್ತಿತ್ತು, ಹೋಗಲಿ ಅನಿಸಿತು.

ಕೊಠಡಿ ತುಂಬಿತು, ಮೆಟ್ಟಿಲು ತುಂಬಿತು, ಅಂಗಳದಲ್ಲೂ ಜನ. ಪರದೆಯ ಮೇಲೆ ನಮ್ಮ ಹಸಿರು ಆಗಲೇ ಮಾಸತೊಡಗಿತ್ತು. ಪರದೆಯ ಎದುರಿನ ಮೇಜಿಗೆ ಕೂತಿದ್ದ ಹೂಗಾರ ಎದ್ದು ನಿಂತರು.

“ಇಲ್ಲಿಗೆ ಯಾರೂ ಬರೋ ಹಾಗಿಲ್ಲ. ಸಹನಾ, ಏನಿದು? ಇಷ್ಟು ಜನ...”

“ಏನಂದ್ರಿ?” ಎಂದಳು ಅವ್ವ. “ಇನ್ನೊಮ್ಮೆ ಅನ್ರಿ ಸಾಹೇಬ್ರ.”

ತಾವೇ ಆಡಿದ ‘ಇಷ್ಟು ಜನ’ ಅವರಿಗೆ ಆಗ ಕೇಳಿಸಿತು.

ಅವ್ವ ಕೂಸನ್ನು ಅವರ ಮುಂದಿನ ಮೇಜಿನ ಮೇಲೆ, ಕೀಲಿಮಣೆಯನ್ನು ಬದಿಗೆ ಸರಿಸಿ, ಮಲಗಿಸಿದಳು. ಕೂಸು ಕೈಕಾಲು ಬಡಿಯಿತು.

“ಎಣಸ್ರಿ. ಇದ ಒಂದು. ಇದರ ಹಿಂದ ಎರಡ ಓಣಿ ಅದಾವು, ಎಣಿಸಿ ಮುಗಿಯೂ ತನಕ ನಾವು ಹೋಗೂದಿಲ್ಲ, ನೀವೂ ಹೋಗೂದಿಲ್ಲ.”

ಹೂಗಾರ ನನ್ನ ಮುಖ ನೋಡಿದರು. ಅವರು ಮೆಟ್ಟಿಲ ಕಡೆ ನೋಡಿದರು, ಅಲ್ಲಿ ತಲೆಗಳ ಹಿಂದೆ ತಲೆಗಳಿದ್ದವು. ಕೊನೆಗೆ ಮೇಜಿನ ಡ್ರಾಯರಿನಲ್ಲಿ ತಡಕಾಡಿ ಒಂದು ಹಾಳೆ ತೆಗೆದರು, ಪೆನ್ನಿಗಾಗಿ ಜೇಬು ಮುಟ್ಟಿ ನೋಡಿಕೊಂಡರು. ಜನರನ್ನು ಎಣಿಸಿ ಅವರಿಗೆ ರೂಢಿ ಇರಲಿಲ್ಲ.

“ಹೆಸರು?” ಎಂದರು.

“ಇನ್ನೂ ಇಟ್ಟಿಲ್ಲರಿ,” ಎಂದಳು ಅವ್ವ. “ನೀವು ಮೊದಲ ಎಣಸ್ರಿ. ಹೆಸರ ನಾವು ಇಡತೇವಿ.”